ಯಾಕೂಬಸಾಬರ ನಿಟ್ಟುಸಿರು

ಸುಳ್ಳು ಹೇಳುವುದು ಪಾಪವೆಂದು ಮುದ್ದೇಬಿಹಾಳದ ಯಾಕೂಬಸಾಬರಿಗೆ ಚೆನ್ನಾಗಿ ಗೊತ್ತಿತ್ತು. ಆದ್ದರಿಂದ ಅವರು ನಿಟ್ಟುಸಿರು ಬಿಡುತ್ತಿದ್ದರು.

ಅದು ನೀವು ನಾವು ಬಿಡುವಂಥ ನಿಟ್ಟುಸಿರಲ್ಲ. ಹೊಟ್ಟೆಯ ತಳದಿಂದ ಹೊರಟು, ಎದೆಯಲ್ಲಿ ಸ್ವಲ್ಪ ಹೊತ್ತು ವಿಶ್ರಮಿಸಿ, ಗಂಟಲಲ್ಲಿ ಒಮ್ಮೆ ನಡುಗಿ, ಮೂಗಿನ ಎರಡೂ ಹೊಳ್ಳೆಗಳಿಂದ ಏಕಕಾಲಕ್ಕೆ ಹೊರಬರುವ, ಐವತ್ತೈದು ವರ್ಷದ ಅನುಭವದಲ್ಲಿ ಹದಗೊಂಡ ನಿಟ್ಟುಸಿರು. ಅದು ಹೊರಬೀಳುವಾಗ ಸಾಬರ ಕಣ್ಣು ತಾನಾಗಿ ಮೇಲಕ್ಕೆ ಹೋಗುತ್ತಿತ್ತು. ಮೇಲೆ ಇದ್ದದ್ದು ಅಂಗಡಿಯ ತಗಡು. ಆದರೆ ನೋಡಿದವರಿಗೆ ಅವರು ತಗಡಿನಾಚೆಯ ಆಕಾಶವನ್ನು, ಆಕಾಶದಾಚೆಯ ಗತಕಾಲವನ್ನು, ಆ ಗತಕಾಲದಲ್ಲಿ ಕಂದೀಲಿನ ಬೆಳಕಿಗೆ ಕೌದಿ ಹೊಲಿಯುತ್ತ ಕೂತ ಮುದುಕಿಯೊಬ್ಬಳನ್ನು ಕಾಣುತ್ತಿದ್ದಾರೆ ಅನ್ನಿಸುತ್ತಿತ್ತು. ಹಾಗೆ ಅನ್ನಿಸಿದರೆ ಅದು ನೋಡಿದವರ ಜವಾಬ್ದಾರಿ. ಸಾಬರು ಬಾಯಿ ತೆರೆದಿರಲಿಲ್ಲ.

ಈ ವಿದ್ಯೆ ಅವರಿಗೆ ಒದಗಿದ್ದು ವ್ಯಾಪಾರದ ಸಂಕಟದಿಂದ. ಬಸ್ ಸ್ಟ್ಯಾಂಡಿನ ಹತ್ತಿರ ಅವರದೊಂದು ಬಾಡಿಗೆ ಸೈಕಲ್ಲಿನ ಅಂಗಡಿ ಇತ್ತು. ಊರಿಗೆ ಊರೇ ಮೋಟಾರ್ ಸೈಕಲ್ ಹತ್ತಿದ ಮೇಲೆ ಸೈಕಲ್ಲುಗಳು ಗೋಡೆಗೆ ಒರಗಿ ತುಕ್ಕು ಹಿಡಿದವು, ಸಾಬರು ಕುರ್ಚಿಗೆ ಒರಗಿ ತುಕ್ಕು ಹಿಡಿದರು. ಹೀಗಿರುವಾಗ ಒಂದು ದಿನ, ನಿಡಗುಂದಿ ಹೆದ್ದಾರಿಯ ಧಾಬಾ ಒಂದರ ಮಾಲೀಕ ಬಂದು, ಉರಿಯದ ಸೈಕಲ್ ದೀಪ ಎರಡು, ಮೊಳಗದ ಗಂಟೆ ನಾಲ್ಕು, ಹಾಡದ ರೇಡಿಯೊ ಒಂದನ್ನು ಕೇಳಿದಷ್ಟು ಬೆಲೆ ಕೊಟ್ಟು ಒಯ್ದ. ಗೋಡೆಗೆ ತೂಗುಹಾಕಲಿಕ್ಕಂತೆ. ಅವತ್ತು ಸಾಬರಿಗೆ ಜ್ಞಾನೋದಯವಾಯಿತು. ಜನ ಹೊಸದನ್ನು ಕೊಂಡು ಬಳಸುತ್ತಾರೆ, ಹಳೆಯದನ್ನು ಕೊಂಡು ಕೈಮುಗಿಯುತ್ತಾರೆ. ಬಳಸುವವರು ಮರುದಿನ ರಿಪೇರಿಗೆ ಬರುತ್ತಾರೆ. ಕೈಮುಗಿಯುವವರು ಬರುವುದಿಲ್ಲ.

ಬೋರ್ಡು ಬದಲಾಯಿತು: 'ಹಳೆಯ ಸಾಮಾನುಗಳ ಭಂಡಾರ.' ಆರು ತಿಂಗಳಲ್ಲಿ ಮನೆಯ ಅಟ್ಟ ಬರಿದಾಯಿತು, ಓಣಿಯ ಅಟ್ಟಗಳೂ ಬರಿದಾದವು. ಪಕ್ಕದ ಮನೆಯ ರೇವವ್ವ ತನ್ನ ಹಿತ್ತಾಳೆ ತಂಬಿಗೆಯನ್ನು ಸಾಬರು ಬರುವ ಹೊತ್ತಿಗೆ ಸೀರೆಯ ಸೆರಗಿನಲ್ಲಿ ಮುಚ್ಚಿಡತೊಡಗಿದಳು. ಹಳೆಯ ವಸ್ತುವಿನ ದೊಡ್ಡ ದೋಷವೇ ಇದು, ಹೊಸದಾಗಿ ತಯಾರಾಗುವುದಿಲ್ಲ.

ಆಗುವುದಿಲ್ಲವೇ? ಸಾಬರ ಕಣ್ಣು ಹೆಂಡತಿ ರಾಜಬಿ ಹೊಲಿಯುತ್ತಿದ್ದ ಕೌದಿಯ ಮೇಲೆ ಬಿತ್ತು.

ರಾಜಬಿಯ ಕೌದಿಯೆಂದರೆ ಸುಮ್ಮನಲ್ಲ. ಹಳೆಯ ಸೀರೆ, ಧೋತರ, ಕುಪ್ಪಸಗಳ ತುಂಡುಗಳನ್ನು ಅವಳು ನೆಲದ ಮೇಲೆ ಹರಡಿ, ಯಾವುದರ ಪಕ್ಕ ಯಾವುದು ಕೂತರೆ ಜಗಳವಾಡುವುದಿಲ್ಲವೆಂದು ಅರ್ಧ ದಿನ ನೋಡುತ್ತಾಳೆ. ಆಮೇಲೆ ಅಂಚಿನಿಂದ ಸೂಜಿ ಹಿಡಿದು ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾಳೆ. ಜೋಳದ ಕಾಳಿನಷ್ಟು ಹೊಲಿಗೆ, ಸಾಲಿನಿಂದ ಸಾಲಿಗೆ ಒಂದೇ ಅಂತರ. ಒಂದು ಕೌದಿಗೆ ಮೂರು ತಿಂಗಳು. ಇಪ್ಪತ್ತೆಂಟು ವರ್ಷಗಳಿಂದ ಸಾಬರು ಆ ಕೌದಿಗಳ ಮೇಲೆ ಮಲಗಿ ಎದ್ದಿದ್ದರೇ ಹೊರತು ಒಂದು ದಿನವೂ ಬಗ್ಗಿ ನೋಡಿರಲಿಲ್ಲ. ಈಗ ನೋಡಿದರು. ಮೈ ಜುಮ್ಮೆಂದಿತು. ಇದಕ್ಕೆ ಇಲ್ಲದ್ದು ಒಂದೇ, ವಯಸ್ಸು.

"ಪಾಲಿಸ್ಟರ್ ತುಂಡು ಹಾಕಬ್ಯಾಡ," ಎಂದರು. "ಗಿರಾಕಿಗೋಳು ಬರೇ ಹತ್ತಿ ಅರಿವಿ ಕೇಳ್ತಾರ."

"ಗಿರಾಕಿಗೋಳು ನನ್ನ ಕೌದಿ ಕೇಳಾಕತ್ತಾರ?" ರಾಜಬಿಯ ಸೂಜಿ ನಿಂತಿತು.

"ಕೇಳಾಕತ್ತಾರ."

ಅವಳು ತಲೆ ಬಗ್ಗಿಸಿ ಮತ್ತೆ ಸೂಜಿ ನಡೆಸಿದಳು. ಆದರೆ ಅವತ್ತು ಸಂಜೆ ಸಾಬರಿಗೆ ಎರಡು ಮೊಟ್ಟೆಯ ಸಾರು ಸಿಕ್ಕಿತು.

ಕೌದಿಗೆ ವಯಸ್ಸು ಬರಿಸುವ ಮಹಾಯಜ್ಞ ನಡೆಯುತ್ತಿದ್ದದ್ದು ಅಂಗಡಿಯ ಹಿಂದಿನ ಅಂಗಳದಲ್ಲಿ. ಪಕ್ಕದ ಹೋಟೆಲಿನ ಯಲ್ಲಾಲಿಂಗ ಸೋಸಿ ಎಸೆಯುವ ಚಹಾಪುಡಿಯನ್ನು ಸಾಬರು ಕೊಳಗಗಟ್ಟಲೆ ತಂದು ಕುದಿಸಿ, ಆ ನೀರಿನಲ್ಲಿ ಕೌದಿಯನ್ನು ಎರಡು ದಿನ ನೆನೆಸುತ್ತಿದ್ದರು. ಇದರಿಂದ ಐವತ್ತು ವರ್ಷ. ಒಣಗಿದ ಹೀರೇಕಾಯಿಯ ನಾರಿನಿಂದ ಅಲ್ಲಲ್ಲಿ ಉಜ್ಜಿದರೆ ಇನ್ನು ಇಪ್ಪತ್ತು. ಬೇವಿನ ಸೊಪ್ಪಿನ ಹೊಗೆಗೆ ಹದಿನೈದು. ಉಳಿದದ್ದು ಅಂಚು. ಅಂಚು ಸವೆಯಿಸುವುದು ಮನುಷ್ಯಮಾತ್ರದವರಿಂದ ಆಗುವ ಕೆಲಸವಲ್ಲ. ಕತ್ತರಿಯ ಗುರುತು ಕತ್ತರಿಯದೆಂದು ತಿಳಿಯುತ್ತದೆ. ಇಲಿ ಕಡಿದರೆ ಮರ್ಯಾದೆ ಇರುವುದಿಲ್ಲ. ಅದಕ್ಕಾಗಿ ಸಾಬರು ಮನೆಯ ಆಡನ್ನು ಮೊಪೆಡ್ಡಿನ ಮುಂದೆ ನಿಲ್ಲಿಸಿಕೊಂಡು ಅಂಗಡಿಗೆ ತರುತ್ತಿದ್ದರು. (ಮೇಯಿಸಲು ಒಯ್ಯುತ್ತಾರೆಂದು ರಾಜಬಿ ತಿಳಿದಿದ್ದಳು. ಸಾಬರು ಹಾಗೇನೂ ಹೇಳಿರಲಿಲ್ಲ.)

ಆಡಿನ ಹೆಸರು ಶಹಜಾದಿ. ಅಂಚಿಗೆ ಉಪ್ಪುನೀರು ಚಿಮುಕಿಸಿದರೆ ಅವಳು ಕಣ್ಣು ಅರೆಮುಚ್ಚಿ, ಅವಸರವಿಲ್ಲದೆ, ಒಂದಿಷ್ಟು ಇಲ್ಲಿ ಒಂದಿಷ್ಟು ಅಲ್ಲಿ ಜಗಿಯುತ್ತಿದ್ದಳು. ಕಾಲಪುರುಷ ಜಗಿದರೂ ಹಾಗೆಯೇ ಜಗಿಯುತ್ತಿದ್ದ. ಮೊದಲ ಕೌದಿ ಸಿದ್ಧವಾಗಿ ಹಗ್ಗದ ಮೇಲೆ ಜೋತುಬಿದ್ದ ದಿನ ಸಾಬರು ಅದರ ಮುಂದೆ ಬಂದು, ತಮಗರಿವಿಲ್ಲದೆ ಚಪ್ಪಲಿ ಬಿಟ್ಟು, ಕೈಕಟ್ಟಿ ನಿಂತರು. ತಾವೇ ಕೆಡಿಸಿದ ಕೌದಿ, ತಮಗೇ ಹಿರಿಯರನ್ನು ಕಂಡಂತಾಯಿತು. ಶಹಜಾದಿ ಕೂಡ ಒಂದು ಕ್ಷಣ ಮೆಲುಕು ನಿಲ್ಲಿಸಿದಳು.

ಅದನ್ನು ಕೊಂಡವರು ಇಂಡಿ ಪಟ್ಟಣದ ನಿಂಬೆಹಣ್ಣಿನ ವ್ಯಾಪಾರಿ ಅಮೋಘಸಿದ್ಧ ಅವರು.

"ಎಷ್ಟು ವರ್ಷದ್ದು ಇರಬೇಕ್ರಿ ಇದು, ಸಾಬ್ರ?"

ಸಾಬರು ತಗಡು ನೋಡಿದರು. ನಿಟ್ಟುಸಿರು.

"ನೂರು?"

ಎರಡನೆಯ ನಿಟ್ಟುಸಿರು, ಮೊದಲನೆಯದಕ್ಕಿಂತ ತುಸು ಉದ್ದ.

"ನೂರರ ಮ್ಯಾಲ ಅಂತೀರಿ."

"ನಾ ಏನೂ ಅಂದಿಲ್ರಿ," ಎಂದರು ಸಾಬರು. ಪರಮಸತ್ಯ.

"ಹೊಲದಾಕಿ ಯಾರ್ರಿ?"

"ನಮ್ಮ ಮನೀ ಹೆಣ್ಮಗಳ ರೀ." ಇದೂ ಸತ್ಯ. ಆಮೇಲೆ ಅವರು ಹೆಗಲ ವಸ್ತ್ರದಿಂದ ಕಣ್ಣೊರೆಸಿಕೊಂಡರು. (ಹಿಂದಿನ ಅಂಗಳದಲ್ಲಿ ಬೇವಿನ ಹೊಗೆ ಹಾಕಿದ್ದರಿಂದ ಕಣ್ಣು ಉರಿಯುತ್ತಿತ್ತು. ಇದನ್ನೂ ಸುಳ್ಳೆನ್ನಲಾಗದು.)

ಅಮೋಘಸಿದ್ಧ ಅವರು ಆಡು ತಿಂದ ಅಂಚನ್ನು ಬೆರಳಿನಿಂದ ಸವರಿ, ಬೆರಳನ್ನು ಕಣ್ಣಿಗೊತ್ತಿಕೊಂಡರು. ಕೌದಿ ಇಂಡಿಗೆ ಹೋಗಿ ಪಡಸಾಲೆಯಲ್ಲಿ ಗಾಜಿನ ಚೌಕಟ್ಟಿನೊಳಗೆ ಕೂತಿತು. ಎರಡನೆಯದನ್ನು ಸಿಂದಗಿಯ ವಕೀಲ ಬಸವಂತರಾಯರು ಒಯ್ದರು. ಮೂವತ್ತು ವರ್ಷ ಸಾಕ್ಷಿಗಳ ಬಾಯಿ ಬಿಡಿಸಿದ ಅವರಿಗೂ ಸಾಬರ ಮೂಗನ್ನು ಪಾಟೀಸವಾಲು ಮಾಡುವುದು ತಿಳಿಯಲಿಲ್ಲ.

ಪ್ರತಿ ಸಲ ಸಾಬರು ಮನೆಗೆ ಬಂದಾಗ ರಾಜಬಿ ಕೇಳುತ್ತಿದ್ದಳು, "ನೋಡಿ ಏನಂದ್ರು?"

"ಕೈ ಮುಗದ್ರು."

"ಕೌದಿಗೆ?"

"ಕೌದಿಗೆ."

"ನನ್ನ ಹೆಸರ ಹೇಳಿದ್ರೇನು?"

ಸಾಬರು ಮೇಲೆ ನೋಡಿ ನಿಟ್ಟುಸಿರು ಬಿಡುತ್ತಿದ್ದರು. ಆದರೆ ಮನೆಯಲ್ಲಿ ಆ ವಿದ್ಯೆ ನಡೆಯುತ್ತಿರಲಿಲ್ಲ.

"ಹೊಟ್ಟಿ ಉಬ್ಬರಿಸೇತಿ ಅಂತ ಕಾಣ್ತದ," ಎಂದು ರಾಜಬಿ ಒಂದು ಚಿಟಿಕೆ ಅಜವಾನ ತಂದು ಅವರ ಬಾಯಿಗೆ ಹಾಕುತ್ತಿದ್ದಳು.

ಹೀಗಿರುವಾಗ ಬಸವನ ಬಾಗೇವಾಡಿಯಿಂದ ಸುನೀತಾ ಮೇಡಂ ಅವರ ಫೋನು ಬಂತು. ಅವರು ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ತಂದೆಯ ಹತ್ತಿ ಗೋದಾಮನ್ನು ಸುಣ್ಣ ಬಳಿಸಿ, ಈ ಸೀಮೆಯ ಮನೆಬಳಕೆಯ ವಸ್ತುಗಳ ಸಂಗ್ರಹಾಲಯ ಮಾಡಲು ಹೊರಟಿದ್ದರು. ಸಾಬರು ಕಳಿಸಿದ ಮೂರನೆಯ ಕೌದಿಯ ಫೋಟೋ ನೋಡಿದ್ದರು. ಬಾಗಿಲಿನಿಂದ ಒಳಗೆ ಬಂದ ಕೂಡಲೇ ಎದುರು ಗೋಡೆಗೆ ಅದೇ ಇರಬೇಕು ಎಂದರು. ಸಂಗ್ರಹಾಲಯ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಸಾಬರಿಗೆ ಎದ್ದು ನಿಂತು ಮಾತಾಡಬೇಕೆನ್ನಿಸಿತು. ನಿಂತರು. ಆಗ ಮೇಡಂ ಹೇಳಿದರು, "ನಾ ಅಂಗಡಿಗೆ ಬರೂದಿಲ್ರಿ, ನಿಮ್ಮ ಮನಿಗೇ ಬರ್ತೇನಿ. ಆ ಕೌದಿ ಬಾಳಿದ ಮನಿ ನೋಡಬೇಕು."

ಸಾಬರು ಕುಳಿತರು.

ಮನೆಯಲ್ಲಿ ಕೌದಿ ಹೊಲಿದವಳು ಜೀವಂತ ಓಡಾಡುತ್ತಿದ್ದಳಲ್ಲ. ಅದೊಂದೇ ತೊಡಕು.

"ನಿಮ್ಮ ತಂಗಿ ದಾವಲಬಿನ್ನ ನೋಡಿ ಭಾಳ ದಿನ ಆತು," ಎಂದರು ಅವತ್ತು ಊಟಕ್ಕೆ ಕೂತಾಗ. "ಗುರುವಾರ ನಾಲತವಾಡಕ್ಕ ಹೋಗಿ ಬಾ."

ರಾಜಬಿ ರೊಟ್ಟಿ ತಟ್ಟುತ್ತಲೇ ಕೇಳಿದಳು, "ಇಪ್ಪತ್ತೆಂಟು ವರ್ಷದಾಗ ನಿಮ್ಮ ಬಾಯಾಗ ನನ್ನ ತಂಗಿ ಹೆಸರು ಬಂದಿದ್ದು ಇದ ಮೊದಲ. ಗುರುವಾರ ಏನೈತಿ?"

"ಏನೂ ಇಲ್ಲ."

"ಬಾಗೇವಾಡಿ ಮೇಡಂ ಬರ್ತಾರಂತ ರೇವವ್ವ ಅಂದ್ಲು. ನೀವು ಫೋನಿನ್ಯಾಗ ಒದರಿದ್ದು ಮೂರು ಮನಿಗೆ ಕೇಳೇತಿ. ನನ್ನ ಕೌದಿ ನೋಡಾಕ ನನ್ನ ಮನಿಗೆ ಮಂದಿ ಬರೂ ದಿನ ನಾ ನಾಲತವಾಡಕ್ಕ ಹೋಗ್ಲಿ?"

"ದೊಡ್ಡ ಮಂದಿ ವ್ಯವಹಾರ. ನೀ ಚಾ ತಂದಿಟ್ಟು ಒಳಗ ಹೋಗು, ಸಾಕು."

"ಚಾ ತರ್ತೇನಿ," ಎಂದಳು ರಾಜಬಿ. ಒಳಗೆ ಹೋಗುವ ಬಗ್ಗೆ ಏನೂ ಹೇಳಲಿಲ್ಲ. ಗಂಡನ ಶಾಸ್ತ್ರವನ್ನು ಅವಳೂ ಒಂದಿಷ್ಟು ಕಲಿತಿದ್ದಳು.

ಗುರುವಾರ ಸುನೀತಾ ಮೇಡಂ ಬಂದರು. ನೆರೆತ ಕೂದಲು, ಕೊರಳಲ್ಲಿ ಕನ್ನಡಕ, ಕೈಯಲ್ಲಿ ನೋಟ್‌ಬುಕ್ಕು. ಸಾಬರು ಮಂಚದ ಮೇಲೆ ಕೌದಿಯನ್ನು ಹರಡಿದ್ದರು. ಮೇಡಂ ಅದನ್ನು ಮುಟ್ಟಲಿಲ್ಲ. ಮೊದಲು ಬಗ್ಗಿದರು, ಆಮೇಲೆ ಮಂಡಿಯೂರಿದರು, ಆಮೇಲೆ ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲನ್ನು ಓದುವವರಂತೆ ನೋಡತೊಡಗಿದರು. ಅರ್ಧ ತಾಸು ಹೀಗೇ ಕಳೆಯಿತು. ಹೊರಗೆ ಕಟ್ಟಿದ್ದ ಶಹಜಾದಿ ತನ್ನ ಕೃತಿಯನ್ನು ಬಾಗಿಲಿನಿಂದ ನೋಡುತ್ತಿದ್ದಳು.

"ಎಂಥಾ ಕೈ," ಎಂದರು ಮೇಡಂ ಕೊನೆಗೆ, ಮೆಲ್ಲಗೆ. "ಸಾಬ್ರ, ಇದನ್ನ ಹೊಲದಾಕಿ ಈಗ..."

ಸಾಬರು ಮೇಲೆ ನೋಡಿದರು. ಜೀವಮಾನದ ಶ್ರೇಷ್ಠ ನಿಟ್ಟುಸಿರು ಅವತ್ತು ಅವರಿಗೆ ಒಲಿದಿತ್ತು. ಅದು ಹೊಟ್ಟೆಯಿಂದ ಹೊರಟು ಹೊರಬರುವಷ್ಟರಲ್ಲಿ ಒಂದು ತಲೆಮಾರು ಕಳೆದಂತಾಯಿತು.

"ತೀರಿಕೊಂಡು ಭಾಳ ವರ್ಷ ಆಗಿರಬೇಕು," ಎಂದರು ಮೇಡಂ, ಕಣ್ಣು ಒದ್ದೆ ಮಾಡಿಕೊಂಡು. "ಹೆಸರೂ ಉಳಿದಿಲ್ಲ ಅಲ್ರಿ? ಬೋರ್ಡಿನ ಮ್ಯಾಲ 'ಹೊಲಿದವರ ಹೆಸರು ತಿಳಿದಿಲ್ಲ' ಅಂತ ಬರಸ್ತೇನಿ. ನಮ್ಮ ಹೆಣ್ಮಕ್ಕಳ ಹಣೇಬಾರನ ಇಷ್ಟು."

ಅಡುಗೆಮನೆಯ ಬಾಗಿಲಲ್ಲಿ ರಾಜಬಿ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಸಾಬರಿಗೆ ತಿಳಿಯಲಿಲ್ಲ. ಅವರು ಕಣ್ಣಿನಲ್ಲೇ ಅವಳಿಗೊಂದು ಅರ್ಜಿ ಹಾಕಿದರು. ಅರ್ಜಿಯಲ್ಲಿ ಎದುರುಗೋಡೆ, ಸಂಗ್ರಹಾಲಯ, ಮಾನ, ಇಪ್ಪತ್ತೆಂಟು ವರ್ಷದ ದಾಂಪತ್ಯ, ಎಲ್ಲವೂ ಇದ್ದವು. ರಾಜಬಿ ಓದಿದಳೋ ಇಲ್ಲವೋ.

ಅಷ್ಟರಲ್ಲಿ ಮೇಡಂ ಅವರ ಕೈ ಕೌದಿಯ ನಾಲ್ಕನೆಯ ಮೂಲೆಗೆ ಬಂದಿತ್ತು. ಅಲ್ಲಿ ತುಸು ಉಬ್ಬಿತ್ತು. ಅವರು ಮೆಲ್ಲಗೆ ಒತ್ತಿದರು.

ಚರ್‌ಚರ್.

ಮೇಡಂ ಕೈ ತೆಗೆದರು. ಮತ್ತೆ ಒತ್ತಿದರು. ಚರ್‌ಚರ್. ನೂರು ವರ್ಷದ ಕೌದಿ ಅಂಗಡಿಯ ಪ್ಲಾಸ್ಟಿಕ್ ಚೀಲದಂತೆ ಸದ್ದು ಮಾಡಿತು. ಯಾಕೂಬಸಾಬರು ಬಾಯಿ ಮುಚ್ಚಿಕೊಂಡೇ ಇದ್ದರು. ಕೌದಿಯೇ ಬಾಯಿ ಬಿಟ್ಟಿತ್ತು.

"ಇದೇನ್ರಿ ಒಳಗ?"

ಸಾಬರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಚಹಾದ ನೀರು, ಹೀರೇಕಾಯಿಯ ನಾರು, ಆಡಿನ ಹಲ್ಲು, ಹೊರಗಿನದೆಲ್ಲ ಅವರಿಗೆ ಗೊತ್ತಿತ್ತು. ಒಳಗಿನದನ್ನು ಅವರು ಇಪ್ಪತ್ತೆಂಟು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

"ಅದು ಹೊಟ್ಟಿ ರೀ," ಎಂದಳು ರಾಜಬಿ, ತಟ್ಟೆಯನ್ನು ಮಂಚದ ಪಕ್ಕ ಇಡುತ್ತ. "ನಮ್ಮ ತವರು ಮನಿ ಪದ್ಧತಿ ಐತಿ. ಕೌದಿ ಹಸದಿರಬಾರ್ದು. ಹಸದ ಕೌದಿ ಹೊದ್ರ ನಿದ್ದಿ ಹತ್ತೂದಿಲ್ಲ. ಕಡೀ ಮೂಲಿ ಮುಚ್ಚೂಮುಂದ ಒಂದು ಚೂರು ರೊಟ್ಟಿ, ಒಂದು ಚೂರು ಬೆಲ್ಲ ಇಟ್ಟು ಹೊಲೀತೇವಿ. ಮೊದಲು ಬರೇ ರೊಟ್ಟಿನ ಇಡ್ತಿದ್ದಿವಿ, ಇಲಿ ಬಂದು ಹೊಟ್ಟಿ ತಿಂದು ಹೋಗ್ತಿದ್ವು. ಹಿಂಗಾಗಿ ಈಗ ಹಾಲಿನ ಪಾಕೀಟ್ ತೊಳದು, ಅದರಾಗ ಸುತ್ತಿ ಇಡ್ತೇನಿ."

"ಇಡ್ತೀರಿ," ಎಂದರು ಮೇಡಂ.

"ಇಡ್ತೇನ್ರಿ." ರಾಜಬಿ ಕುಪ್ಪಸಕ್ಕೆ ಚುಚ್ಚಿಕೊಂಡಿದ್ದ ಸೂಜಿಯನ್ನು ತೆಗೆದು, ಮೂಲೆಯ ನಾಲ್ಕು ಹೊಲಿಗೆ ಬಿಚ್ಚಿ, ಪುಟ್ಟ ಪೊಟ್ಟಣವನ್ನು ಹೊರಗೆ ತೆಗೆದು ಮೇಡಂ ಅವರ ಅಂಗೈಯಲ್ಲಿಟ್ಟಳು. ಎರಡು ದಿನ ಚಹಾದಲ್ಲಿ ಮುಳುಗಿದ್ದರೂ ಪ್ಲಾಸ್ಟಿಕ್ಕಿನೊಳಗೆ ರೊಟ್ಟಿಗೆ ಒಂದು ಹನಿ ತಾಗಿರಲಿಲ್ಲ. ಪೊಟ್ಟಣದ ಮೇಲೆ ನೀಲಿ ಅಕ್ಷರದಲ್ಲಿ ತಾರೀಖು ಅಚ್ಚಾಗಿತ್ತು. ಹೋದ ವರ್ಷದ ದೀಪಾವಳಿಯ ಮರುವಾರ. ಅದರೊಳಗೆ ಬಳಸಬೇಕೆಂದೂ ಬರೆದಿತ್ತು.

ಇಷ್ಟು ಸ್ಪಷ್ಟವಾದ ಜನ್ಮಪತ್ರಿಕೆ ಸಾಬರದೂ ಇರಲಿಲ್ಲ.

"ಚಾ ಆರತೈತ್ರಿ," ಎಂದಳು ರಾಜಬಿ. "ಸತ್ತಾಕಿ ತಂದಾಳ, ಕುಡೀರಿ."

ಸಾಬರು ನಿಟ್ಟುಸಿರು ಬಿಟ್ಟರು. ಇದೊಂದು ಅಭ್ಯಾಸದ್ದಲ್ಲ, ತಾನಾಗಿ ಬಂದದ್ದು. ಆದ್ದರಿಂದ ಅದಕ್ಕೆ ಯಾರೂ ಬೆಲೆ ಕೊಡಲಿಲ್ಲ.

"ನಾ ಹಳೇದು ಅಂತ ಎಲ್ಲಿ ಹೇಳೇನಿ?" ಎಂದರು. "ಮೇಡಂನ ಕೇಳು. ಒಂದು ಶಬ್ದ ಹೇಳಿದ್ರ ನನ್ನ ನಾಲಿಗಿ ಸೀಳು."

"ನೀವು ಹೇಳಲಿಲ್ಲ, ಖರೇ. ಲಗ್ನದ ಮೊದಲ 'ಹುಡುಗ ಏನ್ ಉದ್ಯೋಗ ಮಾಡ್ತಾನ' ಅಂತ ನಮ್ಮಪ್ಪ ಕೇಳಿದಾಗ ನಿಮ್ಮಪ್ಪನೂ ಏನೂ ಹೇಳಲಿಲ್ಲ. ಮ್ಯಾಲ ನೋಡಿ ಹಿಂಗ ಉಸರ ಬಿಟ್ಟ. ದೊಡ್ಡ ಕಾರಭಾರಿ ಇರಬೇಕಂತ ನಮ್ಮಪ್ಪ ತಿಳಕೊಂಡ. ಬಂದು ನೋಡಿದ್ರ ನಾಕು ಸೈಕಲ್ಲು, ಅದರಾಗ ಎರಡು ಪಂಕ್ಚರ್."

ಮೇಡಂ ಚಹಾದ ಬಟ್ಟಲಿನಲ್ಲಿ ಮುಖ ಮುಚ್ಚಿಕೊಂಡರು.

"ಅರಿವಿ ಹಳೇದು ಹೌದಲ್ಲ?" ಸಾಬರು ಕೊನೆಯ ಕೋಟೆಗೆ ಹಿಮ್ಮೆಟ್ಟಿದರು. "ಆ ಕೆಂಪು ತುಂಡು ನಿಮ್ಮ ಅಜ್ಜಿ ಸೀರೀದು. ಆಕಿ ಹೋಗಿ ನಾಲ್ವತ್ತು ವರ್ಷ ಆತು. ಅದನ್ನ ಹಳೇದು ಅನ್ನಬಾರ್ದೇನು?"

"ಅನ್ನಬೇಕಿತ್ತು. ಬಾಯಿಲೆ ಅನ್ನಬೇಕಿತ್ತು, ಮೂಗಿಲೆ ಅಲ್ಲ." ಆಮೇಲೆ ಅವಳ ದನಿ ಇಳಿಯಿತು. ಇಳಿದ ದನಿಗೆ ಸಾಬರು ಹೆಚ್ಚು ಹೆದರುತ್ತಿದ್ದರು. "ಮೂರು ತಿಂಗಳು ಕಣ್ಣು ಹಾಕಿ ಹೊಲದೇನಿ. ಮಂದಿ ಕೈ ಮುಗದ್ರು ಅಂತ ನೀವು ಅಂದಾಗ ಅವತ್ತ ರಾತ್ರಿ ನನಗ ನಿದ್ದಿ ಬರಲಿಲ್ಲ, ಖುಷಿಗೆ. ಈಗ ಗೊತ್ತಾತು. ನಾ ಹೊಲದದ್ದಕ್ಕ ಕೈ ಮುಗದಿಲ್ಲ. ನಾ ಸತ್ತೇನಿ ಅಂತ ಮುಗದಾರ."

ಯಾಕೂಬಸಾಬರು ಮೇಲೆ ನೋಡಲಿಲ್ಲ. ಕೆಳಗೆ ನೋಡಿದರು. ಕೆಳಗೆ ಕೌದಿ ಇತ್ತು, ಜೋಳದ ಕಾಳಿನಷ್ಟು ಹೊಲಿಗೆಗಳು, ಸಾಲಿನಿಂದ ಸಾಲಿಗೆ ಒಂದೇ ಅಂತರ.

"ಇಲ್ರಿ ಅಕ್ಕಾ," ಎಂದರು ಮೇಡಂ. "ನಾ ಬಂದದ್ದು ಫೋಟೋದಾಗ ಹೊಲಿಗಿ ನೋಡಿ. ಆದ್ರ ಈ ಬಣ್ಣ, ಈ ಅಂಚು... ಮೂವತ್ತೈದು ವರ್ಷ ಇತಿಹಾಸ ಕಲಿಸೇನಿ. ನನಗ ಟೋಪಿ ಹಾಕಿದ್ದು ಇದ ಮೊದಲನೇದು. ಸಾಬ್ರ, ಹೆಂಗ ಮಾಡಿದ್ರಿ ಇದನ್ನ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬೆರಗಿತ್ತು. ಬೆರಗಿಗೆ ಸೋಲದ ಕುಶಲಕರ್ಮಿ ಜಗತ್ತಿನಲ್ಲಿ ಹುಟ್ಟಿಲ್ಲ. ಎರಡು ವರ್ಷ ಮುಚ್ಚಿಟ್ಟ ಬಾಯಿ ತೆರೆಯಿತು. ಚಹಾಪುಡಿ ಎಷ್ಟು ಕೊಳಗ, ಕುದಿ ಎಷ್ಟು, ಹೀರೇಕಾಯಿ ಯಾಕೆ ನಾಟಿಯದೇ ಬೇಕು, ಬೇವಿನ ಹೊಗೆ ಗಾಳಿ ಬಿಟ್ಟಾಗ ಯಾಕೆ ಹಾಕಬಾರದು, ಎಲ್ಲವನ್ನೂ ಸಾಬರು ಎದ್ದು ನಿಂತು, ಕೈ ಬೀಸಿ, ಅಲ್ಲಲ್ಲಿ ಕಣ್ಣು ಮುಚ್ಚಿ ವಿವರಿಸಿದರು. ಶಹಜಾದಿಯನ್ನು ಒಳಗೆ ಕರೆತಂದು, ಅಂಚಿಗೆ ಉಪ್ಪುನೀರು ಚಿಮುಕಿಸಿ, ಪ್ರಾತ್ಯಕ್ಷಿಕೆಯನ್ನೂ ತೋರಿಸಿದರು. ಮೇಡಂ ನೋಟ್‌ಬುಕ್ಕಿನಲ್ಲಿ ಎರಡು ಪುಟ ಬರೆದುಕೊಂಡರು.

"ಮೇಯಿಸಾಕ ಒಯ್ತಾರಂತ ತಿಳದಿದ್ದೆ," ಎಂದಳು ರಾಜಬಿ, ಆಡನ್ನು ನೋಡುತ್ತ. "ಮೇಯಿಸ್ಯಾರ ಬಿಡ್ರಿ. ನನ್ನ ಕೌದಿನ ಮೇಯಿಸ್ಯಾರ."

ಹೊರಡುವಾಗ ಮೇಡಂ ಆ ಕೌದಿಯನ್ನು ಕೊಂಡರು. ಸಾಬರಿಗೆ ನಂಬಿಕೆಯಾಗಲಿಲ್ಲ. ಎದುರುಗೋಡೆಗೆ ಹೊಸ ಕೌದಿಯೊಂದನ್ನೂ ಹೊಲಿದುಕೊಡಲು ರಾಜಬಿಗೆ ಹೇಳಿದರು, ಮೂಲೆಯಲ್ಲಿ ಅವಳ ಹೆಸರನ್ನು ಅವಳೇ ಹೊಲಿಯಬೇಕೆಂಬ ಕರಾರಿನ ಮೇಲೆ. "ಇದೂ ಸಂಗ್ರಹಾಲಯದಾಗನ ಇರ್ತದ," ಎಂದು ಹಳೆಯ ಕೌದಿಯನ್ನು, ಅಂದರೆ ಹಳೆಯದಾದ ಕೌದಿಯನ್ನು, ಅಂದರೆ ಅದನ್ನು, ಎದೆಗವಚಿಕೊಂಡು ಕಾರು ಹತ್ತಿದರು. "ಸಾಬ್ರ, ನಿಮ್ಮ ಹೆಸರೂ ಹಾಕಸ್ತೇನಿ." ಅವತ್ತು ರಾತ್ರಿ ಖುಷಿಗೆ ನಿದ್ದೆ ಬಾರದಿದ್ದದ್ದು ಸಾಬರಿಗೆ.

ಆದರೆ ಬೆಳಗಾದ ಕೂಡಲೇ ರಾಜಬಿ ಬುರ್ಖಾ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ನಡೀರಿ. ಇಂಡಿಗೆ, ಆಮ್ಯಾಲ ಸಿಂದಗಿಗೆ. ನಾ ಜೀವಂತ ಅದೇನಿ ಅಂತ ಹೇಳಿ ಬರೋಣ. ಬಾಯಿಲೆ."

ಒಂದು ಕಾಲದಲ್ಲಿ ನಿಟ್ಟುಸಿರಿನಿಂದ ಗೆದ್ದ ಸೀಮೆಯಲ್ಲಿ ಸಾಬರು ಹೆಂಡತಿಯ ಹಿಂದೆ ಸಾರಿಗೆ ಬಸ್ಸಿನಲ್ಲಿ ಸಂಚರಿಸಿದರು. ಇಂಡಿಯಲ್ಲಿ ಅಮೋಘಸಿದ್ಧ ಅವರು ಪೂರ್ತಿ ಕೇಳಿ, ಗಾಜಿನ ಚೌಕಟ್ಟಿನಿಂದ ಕೌದಿಯನ್ನು ತೆಗೆದು ಮಡಚಿ ಸಾಬರ ಕೈಗಿಟ್ಟರು. "ಮಳಿ ಬಂದ ದಿನ ಚಾ ವಾಸನಿ ಬರ್ತಿತ್ತು. ನಿಮ್ಮ ಅಜ್ಜಿಗೆ ಚಾದ ಚಟ ಇರಬೇಕಂತ ನನ್ನ ಹೆಂಡ್ತಿ ಅಂತಿದ್ಲು." ಆಮೇಲೆ ರಾಜಬಿಯತ್ತ ತಿರುಗಿ, "ಅವ್ವಾರ, ನಮ್ಮ ತಾಯಿ ಸೀರಿ ಐದು ಅದಾವ. ಹೊಲದು ಕೊಡ್ತೀರೇನು?" ಎಂದು ಕೇಳಿದರು. ಸಿಂದಗಿಯಲ್ಲಿ ವಕೀಲ ಬಸವಂತರಾಯರು ಕೌದಿಯನ್ನು ಮರಳಿಸುವ ಮೊದಲು, ಆ ನಿಟ್ಟುಸಿರನ್ನು ಇನ್ನೊಮ್ಮೆ ಬಿಡಬೇಕೆಂದು ಸಾಬರನ್ನು ವಿನಂತಿಸಿದರು. ಸಾಬರು ಹೆಂಡತಿಯ ಮುಖ ನೋಡಿ ಬಿಟ್ಟರು. ವಕೀಲರು ಕನ್ನಡಕ ತೆಗೆದರು. "ಅದ್ಭುತ ಐತ್ರಿ," ಎಂದರು. "ಒಂದು ಶಬ್ದ ಇಲ್ಲ, ಆದ್ರ ಪೂರಾ ಸುಳ್ಳು ಹೇಳಿಕಿ."

ಮರಳಿ ಬಂದ ಎರಡೂ ಕೌದಿಗಳನ್ನು ರಾಜಬಿ ಸಾಬರ ಹಾಸಿಗೆಗೆ ಹಾಕಿದಳು, ಒಂದು ಹಾಸಲು, ಒಂದು ಹೊದೆಯಲು. ಹಳೆಯದು ಮಾಡಿದವರೇ ಹೊದೆಯಬೇಕು ಎಂದಳು. ಅಂದಿನಿಂದ ಸಾಬರು ನಸುಕಿನಲ್ಲಿ ಚಹಾ ವಾಸನೆಗೆ ಎದ್ದು, ಬೆಳಗಾಯಿತೆಂದು ತಿಳಿದು ಕೈ ಚಾಚುತ್ತಿದ್ದರು. ಒಲೆ ಇನ್ನೂ ಹೊತ್ತಿರುತ್ತಿರಲಿಲ್ಲ.

ನಾಲ್ಕು ತಿಂಗಳ ಮೇಲೆ ಬಾಗೇವಾಡಿಯಲ್ಲಿ ಸಂಗ್ರಹಾಲಯ ತೆರೆಯಿತು. ಸಾಬರು ಹೊಸ ಟೊಪ್ಪಿಗೆ ಹಾಕಿಕೊಂಡು, ಓಣಿಯವರಿಗೆಲ್ಲ ಹೇಳಿ, ರಾಜಬಿಯ ಜೊತೆ ಹೋದರು. ಹತ್ತಿ ಗೋದಾಮು ಬೆಳ್ಳಗೆ ಹೊಳೆಯುತ್ತಿತ್ತು. ಎದುರುಗೋಡೆಯ ಮೇಲೆ ರಾಜಬಿಯ ಹೊಸ ಕೌದಿ, ಮೂಲೆಯಲ್ಲಿ ಅವಳದೇ ಹೊಲಿಗೆಯ ಅಕ್ಷರ: ರಾಜಬಿ, ಮುದ್ದೇಬಿಹಾಳ. ಜನ ಅದರ ಮುಂದೆ ನಿಂತು ಚೆನ್ನಾಗಿದೆಯೆಂದು ತಲೆದೂಗಿ ಮುಂದೆ ಹೋಗುತ್ತಿದ್ದರು. ಆದರೆ ಪಕ್ಕದ ಗೋಡೆಯ ಮುಂದೆ ದೊಡ್ಡ ಗುಂಪು ಕಟ್ಟಿತ್ತು. ಅಲ್ಲಿ ಸಾಬರ ಕೌದಿ ಇತ್ತು. ಜನ ಅದರ ಅಂಚನ್ನು, ಬಣ್ಣವನ್ನು ನೋಡಿ ಬಾಯಿ ಮೇಲೆ ಕೈಯಿಟ್ಟುಕೊಂಡಿದ್ದರು. ಸಾಬರ ಎದೆ ತುಂಬಿ ಬಂತು. ಗುಂಪಿನ ಹಿಂದಿನಿಂದ ಹಿಮ್ಮಡಿ ಎತ್ತಿ ಬೋರ್ಡು ಓದಿದರು.

"ಇದೂ ರಾಜಬಿ ಅವರ ಹೊಲಿಗೆ. ವಯಸ್ಸು: ಒಂದೂವರೆ ವರ್ಷ. ನೂರು ವರ್ಷದ್ದೆಂದು ಕಾಣುವಂತೆ ಮಾಡಿದವರು: ಶಹಜಾದಿ (ಆಡು). ನೆರವು: ಯಾಕೂಬಸಾಬ."

ಸಾಬರು ಎರಡು ಸಲ ಓದಿದರು. ಎರಡನೆಯ ಸಲವೂ ಆಡೇ ಮೊದಲು ಬಂತು.

ಇಂಥ ಹೊತ್ತಿನಲ್ಲಿ ಮನುಷ್ಯನಿಗೆ ಬೇಕಾಗುವುದು ಚಹಾ. ಅಂಗಳದಲ್ಲಿ ಮೇಡಂ ಎಲ್ಲರಿಗೂ ಚಹಾದ ವ್ಯವಸ್ಥೆ ಮಾಡಿಸಿದ್ದರು. ಸಾಬರು ತಮಗೊಂದು, ರಾಜಬಿಗೊಂದು ಲೋಟ ಹಿಡಿದು ಮರಳುವಾಗ, ಗುಂಪಿನಲ್ಲಿದ್ದ ಹಿರಿಯ ಹೆಣ್ಣುಮಗಳೊಬ್ಬಳು ರಾಜಬಿಯನ್ನು ಮಾತಾಡಿಸುತ್ತಿದ್ದಳು. ಹತ್ತಿರದ ಮಸೂತಿ ಎಂಬ ಊರಿನಿಂದ ಬಂದವಳಂತೆ, ಹೆಸರು ಅಖ್ತರಬೇಗಂ.

"ಕೌದಿ ಹೊಲದಾಕಿ ನೀನ ಅಂತಲ್ಲ, ತಾಯಿ. ಕೈ ಬಂಗಾರ ಐತಿ. ಆಡು ಯಾವುದು ಅಂತ ಮೇಡಂ ಫೋಟೋ ತೋರಿಸಿದ್ರು. ಈ ಯಾಕೂಬಸಾಬ ಅಂದ್ರ ನಿನ್ನ ಗಂಡನ?"

"ಹೌದ್ರಿ," ಎಂದಳು ರಾಜಬಿ.

"ಎಂಥಾ ತಲೀ ಇರಬೇಕು ಆ ಮನಶ್ಯಾಗ. ಈಗ ಎಲ್ಲಿ ಅದಾರ?"

ಯಾಕೂಬಸಾಬರು ಲೋಟ ಹಿಡಿದು ಹಿಂದೆಯೇ ನಿಂತಿದ್ದರು. ರಾಜಬಿ ಅವರನ್ನು ನೋಡಿದಳು. ಆಮೇಲೆ ಅವಳ ಕಣ್ಣು ನಿಧಾನವಾಗಿ ಮೇಲಕ್ಕೆ ಹೋಯಿತು, ಗೋದಾಮಿನ ತೊಲೆಗಳನ್ನು ದಾಟಿ, ಹೆಂಚುಗಳನ್ನು ದಾಟಿ. ಹೊಟ್ಟೆಯ ತಳದಿಂದ ಹೊರಟು, ಎದೆಯಲ್ಲಿ ತಂಗಿ, ಗಂಟಲಲ್ಲಿ ಎರಡು ಸಲ ನಡುಗಿ ಒಂದು ನಿಟ್ಟುಸಿರು ಹೊರಬಂತು. ಸಾಬರು ಬೆರಗಾಗಿ ಕೇಳಿದರು. ಐವತ್ತೈದು ವರ್ಷದಲ್ಲಿ ತಮಗೆ ಆ ಎರಡನೆಯ ನಡುಕ ಒಮ್ಮೆಯೂ ಸಿದ್ಧಿಸಿರಲಿಲ್ಲ. ಯಾವಾಗ ಕಲಿತಳೋ.

"ಅಯ್ಯ, ಪಾಪ," ಎಂದಳು ಅಖ್ತರಬೇಗಂ, ರಾಜಬಿಯ ಭುಜದ ಮೇಲೆ ಕೈಯಿಟ್ಟು. "ಒಳ್ಳೇ ಮಂದೀನ ಲಗೂ ಹೋಗ್ತಾರ." ಸುತ್ತಲಿದ್ದವರು ಬೋರ್ಡಿನತ್ತ ತಿರುಗಿ ತಲೆಬಾಗಿಸಿದರು. ಇಬ್ಬರು ಕೈಮುಗಿದರು.

'ನಾನ ರೀ ಅಂವ' ಎನ್ನಲು ಸಾಬರು ಬಾಯಿ ತೆರೆದರು. ಆಗ ಅವರಿಗೆ ಹೊಳೆಯಿತು, ಬದುಕಿರುವ ಯಾಕೂಬಸಾಬನೆಂದರೆ ಮಂದಿಗೆ ಟೋಪಿ ಹಾಕಿದವನು. ತೀರಿಕೊಂಡವನಿಗೆ ಕೈಮುಗಿಯುತ್ತಾರೆ. ಸಾಬರು ಯೋಚಿಸಿ ಬಾಯಿ ಮುಚ್ಚಿದರು.

ಅಖ್ತರಬೇಗಂ ಕಣ್ಣೊರೆಸಿಕೊಂಡು ತಿರುಗಿದಳು. ಎದುರಿಗೆ ಎರಡು ಲೋಟ ಹಿಡಿದು ನಿಂತಿದ್ದ ಮನುಷ್ಯನನ್ನು ಕಂಡು, ಒಂದನ್ನು ತಾನು ತೆಗೆದುಕೊಂಡು, ಇನ್ನೊಂದನ್ನು ರಾಜಬಿಗೆ ಕೊಟ್ಟಳು.

"ಇಲ್ಲಿ ನಾಕು ಮಂದಿ ಅದೇವಪಾ," ಎಂದಳು. "ಇನ್ನೆರಡು ಚಾ ತಂದುಬಿಡು."

ಯಾಕೂಬಸಾಬರು ಏನೂ ಹೇಳದೆ ತರಲು ಹೋದರು.